ಆರರ ಕೆಳಗಿನ ಗೆರೆ

ಅಪ್ಪಾ,

ಮೊಣಕಾಲಿನ ಎಣ್ಣೆ ಕಳಿಸಿದ್ದೇನೆ, ಅಲಮಾರಿಯಲ್ಲಿಟ್ಟು ಮರೆಯಬೇಡ.

ಚಿತ್ರ ಸಂಗ್ರಹಾಲಯದವರು ನಿನಗೊಂದು ಕಾಗದ ಕಳಿಸಿರಬೇಕು. ಆ ಹಳೆಯ ಸಿನಿಮಾದ ಉಳಿದಿರುವ ಒಂದೇ ಪ್ರತಿಯಲ್ಲಿ 6 ಮತ್ತು 9ನೇ ರೀಲುಗಳು ಅದಲುಬದಲಾಗಿದ್ದು ನಿನ್ನ ಕಣ್ತಪ್ಪಿನಿಂದ ಎಂದು ಸಹಿ ಹಾಕಿಕೊಟ್ಟರೆ, ಹೊಸ ಪ್ರತಿಯಲ್ಲಿ ಸರಿಪಡಿಸುತ್ತಾರಂತೆ.

ಮೂರು ದಿನವೂ ನೆಟ್ಟಗೆ ಓಡದ ಆ ಸಿನಿಮಾವನ್ನು ಜನ ಇವತ್ತಿಗೂ ಹುಚ್ಚು ಹಿಡಿದವರಂತೆ ನೋಡುವುದು ಆ ಅದಲುಬದಲಿಗಾಗಿಯೇ. ನಡುವೆ ಸತ್ತುಹೋದ ನಾಯಕಿ ಕೊನೆಗೆ ಬಾಗಿಲು ತಳ್ಳಿಕೊಂಡು ಬಂದು, "ಊಟ ಆಯ್ತಾ?" ಎಂದು ಕೇಳುತ್ತಾಳೆ. ನಾನು ನನ್ನ ವಿಮರ್ಶೆಯಲ್ಲಿ ಅದನ್ನು "ಯಾರೋ ಪ್ರೊಜೆಕ್ಟರ್ ಆಪರೇಟರನ ಸುಂದರ ತಪ್ಪು" ಎಂದು ಹೊಗಳಿದ್ದೆ. ಯಾರೋ ಎಂದು ಬರೆದದ್ದಕ್ಕೆ ನನಗೆ ನಾಚಿಕೆಯಿದೆ.

ಅಮ್ಮ ಹೋದ ಮೂರನೇ ದಿನಕ್ಕೇ ನೀನು ಟಾಕೀಸಿನ ಕೆಲಸಕ್ಕೆ ಹೋಗಿ ಆ ಸಿನಿಮಾ ಓಡಿಸಿದ್ದೆ. ಡಬ್ಬಿ ತಲೆಕೆಳಗಾದರೆ 6 ಹೋಗಿ 9 ಆಗುತ್ತದೆ, ಪಾಪ, ಅವನ ಮನಸ್ಸು ಸರಿಯಿರಲಿಲ್ಲ ಎಂದು ಎಲ್ಲರೂ ಅಂದರು. ನೀನೂ ತಲೆಯಾಡಿಸಿದೆ.

ನಿನ್ನೆ ಸಂಗ್ರಹಾಲಯದಲ್ಲಿ ಆ ಡಬ್ಬಿಗಳನ್ನು ನೋಡಿದೆ. ಒಂಬತ್ತನೇ ಡಬ್ಬಿಯ ಮೇಲೆ ನೀನು ಹೊಸ ಚೀಟಿ ಅಂಟಿಸಿ, 6 ಎಂದು ಬರೆದು, ಕೆಳಗೊಂದು ಗೆರೆ ಎಳೆದಿದ್ದೀಯ. "ಆರರ ಕೆಳಗೆ ಗೆರೆ ಹಾಕ್ಬೇಕು ಮಗಳೇ, ಇಲ್ದಿದ್ರೆ ಸತ್ತೋರು ಎದ್ದು ಬರ್ತಾರೆ" ಎಂದು ನನ್ನನ್ನು ನಗಿಸುತ್ತಿದ್ದವನು ನೀನು. ಕಣ್ತಪ್ಪಿದವನು ಗೆರೆ ಎಳೆಯುವುದಿಲ್ಲ ಅಪ್ಪಾ.

ಅಲ್ಲಿಯವರಿಗೆ ನಾನೇನೂ ಹೇಳಿಲ್ಲ. ಭಾನುವಾರ ಬರುತ್ತೇನೆ, ಅಡುಗೆ ನಾನೇ ಮಾಡುತ್ತೇನೆ.

ಆ ಕಾಗದಕ್ಕೆ ಸಹಿ ಹಾಕಬೇಡ. ಅವಳು ಬರುತ್ತಿರಲಿ.

ನಿನ್ನ ಮಗಳು