ಲೇಬಲ್ ಮೇಲಿನ ಅಜ್ಜಿ

ಅಜ್ಜೀ,

ಬೀನ್ಸ್ ಸೂಪು ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ಕುಡಿ. ಬೆರಳಿಗೆ ಹಚ್ಚುವ ಮುಲಾಮು ಕಿಟಕಿಯ ಹತ್ತಿರ ಇಟ್ಟಿದ್ದೇನೆ. ಕೆಂಪು, ಬಿಳಿ ಉಣ್ಣೆಯನ್ನೆಲ್ಲ ಬೀರುವಿನ ಮೇಲೆ ಬಚ್ಚಿಟ್ಟಿದ್ದೇನೆ. ಸ್ಟೂಲ್ ಹತ್ತೀಯ, ಜೋಕೆ!

ಬೆಳಿಗ್ಗೆ ಎದ್ದು ನೋಡಿದರೆ ಮೇಜಿನ ತುಂಬ ನೀನು ಹೊಸೆದ, ಕೈಗೆ ಕಟ್ಟುವ ಕೆಂಪು-ಬಿಳಿ ಮಾರ್ತೆನಿತ್ಸಾ ದಾರಗಳು. ಊದಿದ ಬೆರಳಲ್ಲಿ ಇದನ್ನೆಲ್ಲ ಮಾಡು ಅಂತ ನಿನಗೆ ಹೇಳಿದವರು ಯಾರು?

ನಾನೇ ಅಲ್ಲವೆ. ನಿನ್ನೆ ವಿಶ್ವವಿದ್ಯಾಲಯದಲ್ಲಿ ನಮ್ಮ ಮಾರ್ಕೆಟಿಂಗ್ ತರಗತಿಯ ಮಳಿಗೆಗೆ ನೀನು ನನಗೆಂದು ಚೀಸ್ ತುಂಬಿ ಬೇಯಿಸಿದ ಬಿಸಿ ಬಾನಿತ್ಸಾ ಕಟ್ಟಿಕೊಂಡು ಬರುತ್ತೀಯೆಂದು ಎಣಿಸಿರಲಿಲ್ಲ. ಕಾರ್ಖಾನೆಯಿಂದ ತಂದ ಮಾರ್ತೆನಿತ್ಸಾಗಳ ಮೇಲೆ ನಾನು ಅಂಟಿಸಿದ ಲೇಬಲ್ಲು; ಅದರಲ್ಲಿ ನಿನ್ನ ಫೋಟೊ, ಕೆಳಗೆ ‘ಪೆನಾ ಅಜ್ಜಿ ಕೈಯಾರೆ ಹೊಸೆದದ್ದು’. ಕೊಳ್ಳಲು ಬಂದ ಹೆಂಗಸು, “ಅಜ್ಜೀ, ಇಷ್ಟೂ ನೀವೇ ಮಾಡಿದ್ರಾ?” ಅಂದಳು. ನೀನು ನನ್ನ ಮುಖ ನೋಡಿ, “ಹೂಂ ಕಣಮ್ಮಾ, ಇನ್ಯಾರು ಮಾಡ್ತಾರೆ?” ಅಂದೆ. ಪ್ರೊಫೆಸರ್ ಚಪ್ಪಾಳೆ ತಟ್ಟಿದರು: “ಭೇಷ್ ಕಾಲಿನಾ! ನೀನು ದಾರ ಅಲ್ಲ, ಅಜ್ಜೀನ ಮಾರ್ತಿದ್ದೀಯ!” ಭೂಮಿ ಬಾಯಿಬಿಡಬಾರದೆ ಅನ್ನಿಸಿತು.

ನನ್ನ ಸುಳ್ಳನ್ನು ನಿಜ ಮಾಡಲು ನೀನು ಕೈ ನೋಯಿಸಿಕೊಳ್ಳಬೇಡ. ಇವತ್ತು ಆ ಫೋಟೊಗಳನ್ನೆಲ್ಲ ಕಿತ್ತು, ಪ್ರೊಫೆಸರ್‌ಗೆ ಇದ್ದದ್ದು ಇದ್ದಹಾಗೆ ಹೇಳುತ್ತೇನೆ. ಫೇಲ್ ಮಾಡಿದರೆ ಮಾಡಲಿ.

ಪ್ರತಿ ವರ್ಷ ಮಾರ್ಚ್ ಒಂದಕ್ಕೆ ನಾನು ಹಾಸಿಗೆಯಿಂದ ಏಳುವ ಮೊದಲೇ ವರ್ಷವಿಡೀ ಆರೋಗ್ಯವಾಗಿರು ಅಂತ ನೀನು ನನ್ನ ಕೈಗೆ ಮಾರ್ತೆನಿತ್ಸಾ ಕಟ್ಟುತ್ತೀಯ. ಇವತ್ತು ನೀನು ಏಳುವ ಮೊದಲೇ ನಾನು ಹೊರಟಿದ್ದೇನೆ. ಮೇಜಿನ ಮೇಲೆ ಅಷ್ಟೊಂದಿದ್ದರೂ ಒಂದನ್ನೂ ಮುಟ್ಟಿಲ್ಲ.

ಸಂಜೆ ಎಲ್ಲ ಹೇಳಿಯೇ ಬರುತ್ತೇನೆ. ಮನಸ್ಸಾದರೆ ಆಗ ಕಟ್ಟು.

ಕಾಲಿನಾ