ಚಿಕ್ಕಮ್ಮ ಒತ್ತಿದ ಕೆಂಪು ಗುಂಡಿ

ಚಿಕ್ಕಮ್ಮಾ,

ನಿನಗೆ ಬರುವ ಪತ್ರಗಳೆಲ್ಲ "ಮಾನ್ಯ ಸದಸ್ಯರೇ" ಎಂದು ಶುರುವಾಗುತ್ತವೆ, ನಡುವೆ ಒಂದು ಮನವಿ ಇರುತ್ತದೆ, ಕೊನೆಗೆ "ತಮ್ಮ ವಿಧೇಯ" ಎಂದು ಸಹಿ ಇರುತ್ತದೆ. ಇದರಲ್ಲೂ ಮನವಿ ಇದೆ. ವಿಧೇಯತೆ ಮಾತ್ರ ಇಲ್ಲ. ಅದು ನನ್ನಲ್ಲಿ ಹುಟ್ಟಿನಿಂದಲೇ ಇಲ್ಲವೆಂದು ನೀನೇ ಎಷ್ಟೋ ಸಲ ಹೇಳಿದ್ದೀಯ. ಫೋನ್ ಮಾಡಿದರೆ ಪ್ರತಿಸಲವೂ ಇಸ್ತ್ರಿ ಸಾರ್ ಎತ್ತುತ್ತಾರೆ. ನಿನ್ನ ಸಹಾಯಕರಿಗೆ ನಾವು ಮನೆಯಲ್ಲಿ ಇಟ್ಟಿರುವ ಹೆಸರು ಅದು, ನಿನಗೂ ಗೊತ್ತು. ಅವರ ಅಂಗಿಯಲ್ಲಿ ಒಂದು ಸುಕ್ಕು ಕಂಡವರಿಲ್ಲ. "ಮೇಡಂ ಪ್ರಚಾರದಲ್ಲಿದ್ದಾರೆ, ಏನಿದ್ರೂ ನಂಗೆ ಹೇಳಮ್ಮ" ಅನ್ನುತ್ತಾರೆ. ಅವರಿಗೆ ಹೇಳುವಂಥದ್ದಲ್ಲ ಇದು. ಆದ್ದರಿಂದ ಬರೆದು, ನಿನ್ನ ಡ್ರೈವರ್ ಕೈಗೇ ಕೊಡುತ್ತಿದ್ದೇನೆ.

ವಿಷಯಕ್ಕೆ ಬರುತ್ತೇನೆ. ನಿನ್ನ ಚುನಾವಣೆಯ ಕರಪತ್ರ ನಮ್ಮ ಪ್ರೆಸ್ಸಿಗೆ ಬಂದಿದೆ. ಅದರಲ್ಲಿ ದಪ್ಪ ಅಕ್ಷರದ ಒಂದು ಸಾಲಿದೆ: "ಮನೆಯಲ್ಲೇ ಹೊಲಿಗೆ ಮಾಡುವ ಹೆಣ್ಣುಮಕ್ಕಳ ಪರವಾಗಿ ಸಂಸತ್ತಿನಲ್ಲಿ ದಿಟ್ಟ ಮತ ಚಲಾಯಿಸಿದ ನಿಮ್ಮ ಮನೆಮಗಳು." ಆ ಸಾಲಿನ ಸುತ್ತ ನಾನು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ.

ನಾನು ಪ್ರೆಸ್ಸಿಗೆ ಸೇರಿದ್ದು ನಿನಗೆ ಖುಷಿಯಾಗಿತ್ತು. ಶಾಲೆ ಬಿಟ್ಟ ಮೇಲೆ ಸೈಕಲ್ ಅಂಗಡಿ, ಬೇಕರಿ, ಔಷಧಿ ಗೋದಾಮು ಎಲ್ಲ ಸುತ್ತಿ ಬಂದವಳು ನಾನು. "ಬುಗುರಿ ಕೊನೆಗೂ ಒಂದು ಕಡೆ ನಿಂತಳು" ಎಂದು ನೀನು ಅಮ್ಮನಿಗೆ ಹೇಳಿದೆಯಂತೆ. ನಿಂತಿರುವುದಕ್ಕೆ ಒಂದೇ ಕಾರಣ, ಇಲ್ಲಿಯ ಯಜಮಾನರ ಒಂದು ಪದ್ಧತಿ. ಅಚ್ಚಿಗೆ ಹೋಗುವ ಮೊದಲು ಕರಡು ತಿದ್ದುವವರು ಅಕ್ಷರ ಮಾತ್ರ ನೋಡಿದರೆ ಸಾಲದು. "ಇದು ನಿಜವಾ?" ಎಂದು ಅನುಮಾನ ಬಂದ ಕಡೆ ಪೆನ್ಸಿಲ್ ಗೆರೆ ಹಾಕಬೇಕು. ಅಚ್ಚು ಹಾಕಿಸುವವರು ಬಂದು ಆ ಗೆರೆಯ ಪಕ್ಕದಲ್ಲಿ ಸಹಿ ಹಾಕುವವರೆಗೆ ಯಂತ್ರ ತಿರುಗುವುದಿಲ್ಲ. ಮದುವೆ ಪತ್ರಿಕೆಯಲ್ಲಿ ವರನ ಓದಿನ ಪಕ್ಕಕ್ಕೂ ನಾನು ಗೆರೆ ಹಾಕಿದ್ದಿದೆ. ಶಾಲೆಯಲ್ಲಿ ಪ್ರಶ್ನೆ ಕೇಳಿದರೆ ಹೊರಗೆ ನಿಲ್ಲಿಸುತ್ತಿದ್ದರು. ಇಲ್ಲಿ ಅದಕ್ಕೇ ಸಂಬಳ.

ನಿನ್ನ ಸಾಲಿಗೆ ಗೆರೆ ಹಾಕುವಾಗ ನನಗೆ ಯಾವ ಅನುಮಾನವೂ ಇರಲಿಲ್ಲ ಎಂಬುದನ್ನು ನೀನು ನಂಬಬೇಕು. ನಮ್ಮವರ ಕೆಲಸ ಎಂದು ಬಿಟ್ಟೆ ಅನ್ನಿಸಬಾರದು, ಅಷ್ಟೇ. ಯಾಕೆಂದರೆ ಆ ಮತ ಬಿದ್ದದ್ದನ್ನು ನಾವೆಲ್ಲ ಕಣ್ಣಾರೆ ನೋಡಿದವರು. ಕೆಲಸದಲ್ಲಿ ಗಾಯವಾದವರಿಗೆ ಪರಿಹಾರ ಕೊಡುವ ಮಸೂದೆ. ಕಾರ್ಖಾನೆಯೊಳಗೆ ದುಡಿಯುವವರಿಗೆ ಮಾತ್ರ ಅನ್ವಯ. ಅಮ್ಮನ ಹಾಗೆ ಕಂಪನಿಯ ಬಟ್ಟೆಯನ್ನು ಮನೆಗೆ ತಂದು ಹೊಲಿಯುವವರು ಅದರಲ್ಲಿ ಇಲ್ಲ. ನಮ್ಮನ್ನು ಬಿಟ್ಟ ಮಸೂದೆ ಬಿದ್ದೇಹೋಗಲಿ ಎಂದು ಬೀದಿಯೇ ಕಾಯುತ್ತಿತ್ತು. ಅಂದು ನಮ್ಮ ಮುಂದಿನ ಕೋಣೆಯಲ್ಲಿ ಬೀದಿಯ ಹೊಲಿಗೆಯವರೆಲ್ಲ ಅಮ್ಮನ ಫೋನಿನ ಸುತ್ತ ಕೂತಿದ್ದರು. ಸಭೆಯ ದೊಡ್ಡ ಫಲಕದಲ್ಲಿ ಹೆಸರುಗಳು, ಒಂದೊಂದರ ಪಕ್ಕದಲ್ಲೂ ದೀಪ. ಹಸಿರೆಂದರೆ ಹೌದು, ಕೆಂಪೆಂದರೆ ಬೇಡ. ನಿನ್ನ ಹೆಸರಿನ ಮುಂದೆ ಕೆಂಪು ಹತ್ತಿತು. ಅಮ್ಮ ಕೈಯಲ್ಲಿದ್ದ ಕತ್ತರಿ ಕೆಳಗೆ ಹಾಕಿ, "ನೋಡ್ರೇ, ನನ್ ತಂಗಿ! ಬೇಡ ಅಂದ್ಲು ನೋಡ್ರೇ!" ಎಂದು ಕೂಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಆ ಗದ್ದಲದಲ್ಲಿ ಮುಂದೇನಾಯಿತೆಂದು ಯಾರೂ ನೋಡಲಿಲ್ಲ. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಕಾಲರ್ ಅಕ್ಕ. ಬೀದಿಗೆಲ್ಲ ಅಂಗಿಯ ಕಾಲರ್ ಕೂರಿಸುವವಳು ಅವಳೇ. ಮುರಿದ ಸೂಜಿಯ ಚೂರು ಸಿಡಿದು ಅವಳ ಎಡಗಣ್ಣು ಹೋದಾಗ ಕಂಪನಿಯವರು, "ನೀವು ನಮ್ಮ ಕೆಲಸದವರಲ್ವಲ್ಲಮ್ಮ, ನಿಮ್ಮನೇಲಿ ನೀವು ಹೊಲಿತೀರ" ಎಂದಿದ್ದರು.

ಮುಂದಿನ ವಾರ ನೀನು ಮನೆಗೆ ಬಂದಾಗ ಅವರೆಲ್ಲ ಬಂದಿದ್ದರು. ಕಾಲರ್ ಅಕ್ಕ ನಿನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ನೀನು, "ಅಯ್ಯೋ, ಅದೇನ್ ದೊಡ್ಡ ವಿಷಯ ಅಲ್ಲ, ಬಿಡಿ" ಎಂದೆ. ನಾವು ಅದನ್ನು ವಿನಯ ಎಂದುಕೊಂಡೆವು.

ಗೆರೆ ಹಾಕಿದ ಮೇಲೆ ದಾಖಲೆ ನೋಡಬೇಕಲ್ಲ. ಸಂಸತ್ತಿನ ಜಾಲತಾಣದಲ್ಲಿ ಎಲ್ಲರ ಮತವೂ ಇರುತ್ತದೆ. ತೆಗೆದು ನೋಡಿದರೆ ಆ ದಿನ, ಆ ಮಸೂದೆಯ ಹೆಸರಿನಲ್ಲಿ ನಿನ್ನವು ಎರಡು ಮತಗಳಿವೆ. ಮೊದಲನೆಯದು ಬೇಡ, ಎರಡನೆಯದು ಹೌದು. ನನಗೆ ತಲೆಬುಡ ತಿಳಿಯಲಿಲ್ಲ. ಯಜಮಾನರನ್ನು ಕೇಳಿದೆ, ಅವರಿಗೂ ತಿಳಿಯಲಿಲ್ಲ. ಸಂಸತ್ತಿನ ಗ್ರಂಥಾಲಯಕ್ಕೆ ಫೋನ್ ಮಾಡಿದೆ. ಅಲ್ಲಿಯ ಹೆಂಗಸು ತಾಳ್ಮೆಯವರು, ನಾನು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೂ ರೇಗಲಿಲ್ಲ. "ಮನೆಯಲ್ಲಿ ಹೊಲಿಯೋರನ್ನೂ ಸೇರಿಸಿ ಅಂತ ವಿರೋಧ ಪಕ್ಷದವರೊಬ್ಬರು ತಿದ್ದುಪಡಿ ತಂದಿದ್ರಮ್ಮ. ಮೊದಲನೇ ಮತ ಅದರ ಮೇಲೆ. ಅದು ಬಿದ್ದುಹೋಯ್ತು. ಎರಡನೇದು ಇಡೀ ಮಸೂದೆ ಮೇಲೆ" ಎಂದರು.

ಅಂದರೆ ನಾವು ಫೋನಿನಲ್ಲಿ ಕಂಡ ಆ ಕೆಂಪು ದೀಪ ಮಸೂದೆಗೆ ಬೇಡ ಎಂದದ್ದಲ್ಲ. ಅಮ್ಮನನ್ನು, ಕಾಲರ್ ಅಕ್ಕನನ್ನು ಸೇರಿಸುವುದು ಬೇಡ ಎಂದದ್ದು. ಅದಕ್ಕೆ ಅವರೇ ಚಪ್ಪಾಳೆ ತಟ್ಟಿದ್ದರು.

ಕರಪತ್ರ ಒಯ್ಯಲು ಇಸ್ತ್ರಿ ಸಾರ್ ಬಂದಾಗ ಅವರ ಮುಂದೆ ಇಟ್ಟೆ. ಮುಖದಲ್ಲೂ ಸುಕ್ಕು ಬೀಳಲಿಲ್ಲ. "ವಿಪ್ ಇತ್ತಮ್ಮ. ಪಕ್ಷ ಹೇಳಿದ ಹಾಗೆ ಒತ್ತಬೇಕು. ಮೀರಿದ್ರೆ ಸದಸ್ಯತ್ವಾನೇ ಹೋಗತ್ತೆ, ಗೊತ್ತಾ ನಿಂಗೆ?"

"ಗೊತ್ತಿರ್ಲಿಲ್ಲ. ಹಾಗಾದ್ರೆ ಅದನ್ನೇ ಹಾಕಿ ಸಾರ್. ಪಕ್ಷ ಹೇಳ್ತು, ಒತ್ತಿದೆ ಅಂತ."

"ಕರಪತ್ರದಲ್ಲಿ ಅದನ್ನೆಲ್ಲ ಯಾರು ಓದ್ತಾರೆ?"

"ನಮ್ಮಮ್ಮ ಓದ್ತಾಳೆ."

ಅವರು ಯಜಮಾನರ ಕಡೆ ತಿರುಗಿ, "ಊರಲ್ಲಿ ಬೇರೆ ಪ್ರೆಸ್ ಇಲ್ವಾ?" ಎಂದರು. ಯಜಮಾನರು, "ಇದೆಯಲ್ಲ, ಎದುರಿಗೇ ಇದೆ. ಬಿಸಿಲು ಜೋರಿದೆ, ಛತ್ರಿ ಕೊಡ್ಲಾ?" ಎಂದರು. ಹಾಗಾಗಿ ನಿನ್ನ ಕರಪತ್ರ ಈಗಾಗಲೇ ಎದುರಿನ ಅಂಗಡಿಯಲ್ಲಿ ಅಚ್ಚಾಗುತ್ತಿರಬಹುದು. ಅದನ್ನು ತಡೆಯುವುದು ನನ್ನ ಕೈಯಲ್ಲಿಲ್ಲ. ನಾನು ಬರೆಯುತ್ತಿರುವುದು ಅದಕ್ಕಲ್ಲ.

ಭಾನುವಾರದ ಸಭೆಗೆ ಬರೆಯುತ್ತಿದ್ದೇನೆ. ಅಲ್ಲಿ ಅಮ್ಮನನ್ನು ವೇದಿಕೆಗೆ ಕರೆದು ಮಾತಾಡಿಸುತ್ತಾರಂತೆ. ಜನ್ಮದಲ್ಲಿ ಮೈಕ್ ಹಿಡಿಯದವಳು ಎರಡು ದಿನದಿಂದ ಹೊಲಿಗೆ ಯಂತ್ರದ ಮುಂದೆ ಕೂತು ಅದೇ ಮಾತುಗಳನ್ನು ಗುನುಗುತ್ತಿದ್ದಾಳೆ: "ನನ್ನ ತಂಗಿ ನಮ್ಮ ಕೈ ಬಿಡಲಿಲ್ಲ, ನಮಗೋಸ್ಕರ ಕೆಂಪು ಗುಂಡಿ ಒತ್ತಿದಳು." ನಮ್ಮ ಬೀದಿಯಲ್ಲಿ ಅಮ್ಮನ ಮಾತಿಗೆ ಏನು ಬೆಲೆ ಎಂದು ನಿನಗೆ ಹೇಳಬೇಕಾಗಿಲ್ಲ. ಕಂಪನಿಯ ವ್ಯಾನ್ ಬಂದಾಗ ಯಾವ ಗಂಟು ಯಾರಿಗೆ ಎಂದು ಹಂಚುವವಳು ಅವಳು. ಇಷ್ಟು ವರ್ಷಗಳಲ್ಲಿ ಒಬ್ಬರೂ ಎದುರು ಮಾತಾಡಿಲ್ಲ, ಯಾಕೆಂದರೆ ಅವಳು ಸುಳ್ಳು ಹೇಳಿದ್ದನ್ನು ಒಬ್ಬರೂ ಕಂಡಿಲ್ಲ. ನಾನು ಹುಡುಕಿದ್ದನ್ನು ಎದುರು ಪಕ್ಷದವರು ಹುಡುಕಲಾರರೇ? ಇವತ್ತಲ್ಲ ನಾಳೆ ಅದು ಬೀದಿಗೆ ಬರುತ್ತದೆ. ಆಗ ನೀನು ರಾಜಧಾನಿಯಲ್ಲಿರುತ್ತೀಯ. ಅಮ್ಮ ಕಾಲರ್ ಅಕ್ಕನ ಎದುರು ಮನೆಯಲ್ಲಿರುತ್ತಾಳೆ.

ಅಮ್ಮನಿಗೆ ನಾನೇ ಹೇಳಲು ಹೋದೆ. ಮುಚ್ಚಿಟ್ಟುಕೊಳ್ಳುವುದು ನನ್ನಿಂದ ಆಗುವುದಿಲ್ಲ. ಫೋನಿನಲ್ಲಿ ಆ ಪುಟ ತೆಗೆದು, "ಅಮ್ಮಾ, ಆ ಕೆಂಪು ದೀಪ ಇತ್ತಲ್ಲ..." ಎಂದೆ. ಅಮ್ಮ ನನ್ನ ಮುಖ ನೋಡಿದಳು. ಏನು ಕಂಡಳೋ, ತಟ್ಟನೆ ಪೆಡಲ್ ಒತ್ತಿದಳು. ಯಂತ್ರದ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ. ಜೇಬಿನ ಹೊಲಿಗೆ ಮುಗಿದ ಮೇಲೂ ಬರಿಯ ಬಟ್ಟೆಯ ಮೇಲೆ ಓಡಿಸುತ್ತಲೇ ಇದ್ದಳು. ಕೊನೆಗೆ ನಿಲ್ಲಿಸಿ, "ನನ್ ತಂಗಿ ವಿಷಯ ನಂಗೆ ನನ್ ತಂಗೀನೇ ಹೇಳ್ಬೇಕು. ನಿನ್ ಬಾಯಲ್ಲಿ ಬೇಡ. ಅವಳು ಹೇಳೋವರೆಗೂ ನಾನು ಯಾರ ಮಾತೂ ಕೇಳಲ್ಲ" ಎಂದಳು. ಆಮೇಲೆ ತಪ್ಪಾಗಿ ಹೋದ ಆ ಹೊಲಿಗೆಯನ್ನು ಬಿಚ್ಚುತ್ತಾ ಕೂತಳು.

ಅವಳ ಹೊಲಿಗೆಯಲ್ಲೇ ನೀನು ಕಾಲೇಜು ಮುಗಿಸಿದೆ. ಅದನ್ನು ಅವಳು ಎಂದೂ ಎತ್ತಿ ಆಡಿಲ್ಲ, ನಾನೂ ಆಡುವುದಿಲ್ಲ. ಆಡಿದ ಹಾಗೆಯೇ ಆಯಿತು, ಇರಲಿ.

ಇನ್ನೊಂದು ಮಾತು ಹೇಳದಿದ್ದರೆ ನಾನು ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ದಾಖಲೆ ತೆಗೆದ ಮೇಲೆ ಪೂರ್ತಿ ಓದಿದೆ. ನಾನು ಕೊನೆಯವರೆಗೆ ಓದಿದ ಮೊದಲ ಪುಸ್ತಕ ನಿನ್ನ ಮತಗಳು ಎಂದರೆ ನಗುತ್ತೀಯ. ಬಹುಪಾಲು ಪಕ್ಷ ಹೇಳಿದ ಹಾಗೆಯೇ ಒತ್ತಿದ್ದೀಯ. ಬಾಡಿಗೆ ಮನೆಯವರ ಕಾನೂನಿಗೆ ಹೌದು, ಅದು ಒಳ್ಳೆಯದಾಯಿತು. ನೀರಿನ ದರವನ್ನು ಖಾಸಗಿಯವರ ಕೈಗೆ ಕೊಡುವುದಕ್ಕೂ ಹೌದು, ಅದು ನನಗೆ ಹಿಡಿಸಲಿಲ್ಲ. ನದಿಯ ಪಕ್ಕ ಕಾರ್ಖಾನೆ ಬೇಕೇ ಬೇಡವೇ ಎಂದು ಮತ ಹಾಕಿದ ದಿನ ನಿನ್ನ ಹೆಸರಿನ ಮುಂದೆ "ಗೈರು" ಎಂದಿದೆ. ಎದುರು ಪಕ್ಷದವರ ಕರಪತ್ರವೂ ನಮ್ಮಲ್ಲೇ ಅಚ್ಚಾಗುವುದು. ಅವರು ಅದರಲ್ಲಿ "ನದಿಯ ಪ್ರಶ್ನೆ ಬಂದಾಗ ಓಡಿಹೋದರು" ಎಂದು ಬರೆದಿದ್ದರು. ಅದಕ್ಕೂ ಗೆರೆ ಹಾಕಿದೆ. ಆ ದಿನ ಅಮ್ಮನಿಗೆ ಶಸ್ತ್ರಚಿಕಿತ್ಸೆ, ನೀನು ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದೆ. ಸಹಿ ಹಾಕಲು ಬಂದವನು ಗೊಣಗಿಕೊಂಡೇ "ಗೈರಾಗಿದ್ದರು" ಎಂದು ತಿದ್ದಿದ.

ಮತ್ತೆ ಒಂದು ಕಡೆ ನಾನು ನಿಂತುಬಿಟ್ಟೆ. ಶಾಲೆ ಬಿಟ್ಟವರು ಯಾವ ವಯಸ್ಸಿನಲ್ಲಾದರೂ ನೇರವಾಗಿ ಪರೀಕ್ಷೆಗೆ ಕೂರಬಹುದು ಎಂದು ಯಾರೋ ಸದಸ್ಯರು ತಂದ ಖಾಸಗಿ ಮಸೂದೆ. ಅದಕ್ಕೆ ವಿಪ್ ಇರಲಿಲ್ಲವಂತೆ, ಎದ್ದು ಹೊರಗೆ ಹೋಗಿ ಎಂದು ಪಕ್ಷದವರು ಬಾಯಿಮಾತಿನಲ್ಲಿ ಹೇಳಿದ್ದರಂತೆ. ನಿಮ್ಮವರೆಲ್ಲ ಗೈರು. ನೀನೊಬ್ಬಳೇ ಕೂತು ಹಸಿರು ಒತ್ತಿದ್ದೀಯ. ಮಸೂದೆ ಬಿದ್ದುಹೋಗಿದೆ. ಅದಾದ ಮೇಲೆ ಶಿಕ್ಷಣ ಸಮಿತಿಯ ಸದಸ್ಯರಲ್ಲಿ ನಿನ್ನ ಹೆಸರಿಲ್ಲ. ಸಮಿತಿ ಬದಲಾಯಿತು ಎಂದಷ್ಟೇ ನೀನು ನಮಗೆ ಹೇಳಿದ್ದೆ. ಅದು ನಾನು ಶಾಲೆ ಬಿಟ್ಟ ವರ್ಷ. ನಾನು ಪರೀಕ್ಷೆ ಬರೆಯುವುದಿಲ್ಲ, ಅದು ಬೇರೆ ಮಾತು. ಆದರೆ ಆ ಸಾಲು ಓದಿದ ಮೇಲೆ ಸ್ವಲ್ಪ ಹೊತ್ತು ಕರಡು ತಿದ್ದಲು ಆಗಲಿಲ್ಲ. ಯಜಮಾನರು "ಕಣ್ಣಿಗೇನಾಯ್ತು?" ಎಂದರು. ಶಾಯಿ ಎಂದೆ. ಸುಳ್ಳು. ಈ ವಾರ ನಾನು ಹೇಳಿದ ಸುಳ್ಳು ಅದೊಂದೇ.

ಒಮ್ಮೆ ಪಕ್ಷದ ಮಾತು ಮೀರಿ ಒತ್ತಿದವಳು ಇನ್ನೊಮ್ಮೆ ಯಾಕೆ ಮೀರಲಿಲ್ಲ ಎಂದು ನಾನು ಕೇಳುವುದಿಲ್ಲ. ಸಮಿತಿ ಹೋಗುವುದು ಬೇರೆ, ಸದಸ್ಯತ್ವವೇ ಹೋಗುವುದು ಬೇರೆ ಎಂಬಷ್ಟು ಲೆಕ್ಕ ನನಗೂ ಗೊತ್ತಾಗುತ್ತದೆ. ನಿನ್ನ ಜಾಗದಲ್ಲಿ ಕೂತಿದ್ದರೆ ನನ್ನ ಬೆರಳು ಎಲ್ಲಿಗೆ ಹೋಗುತ್ತಿತ್ತೋ, ಎದೆ ತಟ್ಟಿ ಹೇಳಲಾರೆ. ಕೆಂಪು ಒತ್ತಿದ್ದಕ್ಕೆ ನನಗೆ ಸಿಟ್ಟಿಲ್ಲ ಚಿಕ್ಕಮ್ಮಾ. ಕಾಲರ್ ಅಕ್ಕ ಕೈ ಹಿಡಿದಾಗ ನಿಜ ಹೇಳದೆ ನಿನ್ನ ಕೈಯನ್ನು ಅವಳ ಕೈಯಲ್ಲೇ ಬಿಟ್ಟು ಕೂತೆಯಲ್ಲ, ಅದಕ್ಕೆ.

ನನ್ನ ಮನವಿ ಇಷ್ಟೇ. ಭಾನುವಾರದೊಳಗೆ ಮನೆಗೆ ಬಾ. ಇಸ್ತ್ರಿ ಸಾರ್ ಬೇಡ, ಬೇರೆ ಯಾರೂ ಬೇಡ. ಅಮ್ಮನ ಪಕ್ಕದಲ್ಲಿ ಕೂತು ಯಾವ ದೀಪ ಯಾವುದಕ್ಕೆ ಹತ್ತಿತು ಎಂದು ಹೇಳು. ಅವಳು ಬೈಯಬಹುದು, ಪೆಡಲ್ ಒತ್ತಬಹುದು. ಆ ಸದ್ದು ನಿಲ್ಲುವವರೆಗೆ ಕೂತಿರು. ಆಮೇಲೂ ವೇದಿಕೆ ಹತ್ತಬೇಕೋ ಬೇಡವೋ, ಹತ್ತಿದರೆ ಏನು ಹೇಳಬೇಕೋ, ಅದನ್ನು ಅವಳೇ ತೀರ್ಮಾನಿಸಲಿ.

ನೀನು ಹಾಕಿದ ಮತವನ್ನು ಯಾರು ಬೇಕಾದರೂ ತೆಗೆದು ಓದಬಹುದು. ನಾನು ಹಾಕುವ ಮತ ಯಾರಿಗೂ ತಿಳಿಯುವುದಿಲ್ಲ. ಇಷ್ಟೆಲ್ಲ ನಿನ್ನದನ್ನು ಓದಿ ನನ್ನದನ್ನು ಮುಚ್ಚಿಟ್ಟುಕೊಳ್ಳುವುದು ನ್ಯಾಯವಲ್ಲ ಅನ್ನಿಸಿತು. ಆದ್ದರಿಂದ ಬರೆದೇ ಕೊಡುತ್ತೇನೆ. ನೀನು ಬಂದು ಅಮ್ಮನಿಗೆ ಹೇಳಿದರೆ ನನ್ನ ಮತ ನಿನಗೆ, ನೀರಿನ ದರದ ಸಿಟ್ಟನ್ನು ನುಂಗಿಕೊಂಡು. ಬರದಿದ್ದರೆ ನಿನಗಲ್ಲ. ಮನೆಯಲ್ಲಿ ಮಲಗಿ ಗೈರಾಗುವವಳೂ ನಾನಲ್ಲ. ಎದುರು ಪಕ್ಷದಿಂದ ನಿಂತಿರುವ ಆ ಬಾಯಿಬಡುಕನಿಗೆ ಹಾಕಿ, ಬೆರಳಿನ ಶಾಯಿ ಆರುವ ಮೊದಲೇ ನಿನ್ನ ಮನೆಗೆ ಬಂದು ಹೇಳುತ್ತೇನೆ. ನೀನು ಬಾಗಿಲು ತೆಗೆಯುತ್ತೀಯ ಎಂದು ಗೊತ್ತು.

ಹರಸುವ ವಯಸ್ಸು ನನ್ನದಲ್ಲ. ಬಿಸಿಲಲ್ಲಿ ಸುತ್ತುತ್ತೀಯ, ಗಂಟಲು ಜೋಪಾನ. ಅಕ್ಕನ ಮುಂದೆ ಹೇಳಬೇಕಾದ ಮಾತಿಗೆ ಬೇಕಾಗುವಷ್ಟು ದನಿ ಅದರಲ್ಲಿ ಉಳಿದಿರಲಿ.

ನಿನ್ನ ಅಕ್ಕನ ಮಗಳು,
ಬುಗುರಿ