ನನ್ನ ಗಂಟಲಿಗೆ ಐದಕ್ಕೆ ಎರಡು ಅಂಕ

ಲಿಫ್ಟ್ ದುರಸ್ತಿ ಕಂಪನಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ತಾವು ದಯಪಾಲಿಸಿದ ‘ಸಹೋದ್ಯೋಗಿಗಳ ಅಭಿಪ್ರಾಯ ಪತ್ರ’ದಲ್ಲಿ ನನ್ನ ಮಾತಿನ ರೀತಿಗೆ ಐದಕ್ಕೆ ಎರಡು ಅಂಕ ಬಂದಿದೆ. ಕಾರಣ: “ಕಿರುಚುತ್ತಾರೆ.” ಹದಿನಾಲ್ಕು ವರ್ಷದಿಂದ ನನ್ನ ಜೋಡಿಯಾಗಿ ದುಡಿಯುವ ಮೆಕ್ಯಾನಿಕ್‌ಗೆ ಐದಕ್ಕೆ ಐದು. ಯಾರಿಗೂ ನೆಂಟನಲ್ಲದಿದ್ದರೂ ಎಲ್ಲರೂ ಅವನನ್ನು ಭಾವ ಅಂತಲೇ ಕರೆಯುವುದು. ಅವನ ಹಾಳೆಯಲ್ಲಿ ಕಾರಣ: “ಗಟ್ಟಿ ದನಿ, ನಾಯಕನ ಲಕ್ಷಣ.” ಇವೇ ಹಾಳೆಗಳನ್ನು ನೋಡಿ ಸೋಮವಾರ ಯಾರಿಗೆ ಬಡ್ತಿ, ಯಾರಿಗೆ ಕಾಯಂ ನೌಕರಿ, ಯಾರಿಗೆ ಮನೆಯ ದಾರಿ ಎಂದು ತಾವು ತೀರ್ಮಾನಿಸುವವರಿದ್ದೀರಿ. ಆದ್ದರಿಂದ ಈ ಬಹಿರಂಗ ಪತ್ರ. ಹೇಗೂ ಕಿರುಚುವವಳೆಂಬ ಹೆಸರು ಬಂದಾಗಿದೆಯಲ್ಲ.

ತಮ್ಮ ಕೋಣೆಯಲ್ಲಿ ಫ್ಯಾನು ಕೂಡ ಅನುಮತಿ ಪಡೆದೇ ತಿರುಗುತ್ತದೆ. ನಮ್ಮಲ್ಲಿ ಹಾಗಲ್ಲ. ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ ನಿಂತವರು ಅದನ್ನು ಅಲುಗಿಸುವ ಮೊದಲು “ಬಿಡ್ತಾ ಇದೀನಿ!” ಎಂದು ಕೂಗಬೇಕು. ತಳದ ಗುಂಡಿಯಲ್ಲಿದ್ದವರು ಹೊರಗೆ ಬಂದು “ಹೊರಗಿದೀನಿ!” ಎಂದು ತಿರುಗಿ ಕೂಗಬೇಕು. ಕಳೆದ ತಿಂಗಳು ಒಂದು ಆಸ್ಪತ್ರೆಯಲ್ಲಿ ಗುಂಡಿಯಿಂದ ಹೊರಬಂದ ಭಾವ ಹಾಗೆಯೇ ಕೂಗಿದ. ಕೂಗಿದ ಮೇಲೆ ಸ್ಪ್ಯಾನರ್ ಬಿಟ್ಟು ಬಂದದ್ದು ನೆನಪಾಗಿ ಮತ್ತೆ ಗುಂಡಿಗೆ ಇಳಿದ! ನೆತ್ತಿಯ ಮೇಲೆ ನಿಂತು ಪೆಟ್ಟಿಗೆ ಇಳಿಸುತ್ತಿದ್ದ ನಾನು, ಕೆಳಗೆ ಅವನ ಟಾರ್ಚಿನ ಬೆಳಕು ಕಂಡು ಅದನ್ನು ನಿಲ್ಲಿಸಿ ಅರಚಿದ ಅರಚಾಟಕ್ಕೆ ಎರಡು ಮಹಡಿಯ ರೋಗಿಗಳು ಎದ್ದು ಕೂತರು.

ಭಾವ ಬೆವರು ಒರೆಸಿಕೊಂಡು, “ಸದ್ಯ, ನಿನ್ನ ಗಂಟಲು ದೊಡ್ಡದು ಕಣಮ್ಮ, ಬದುಕಿದೆ” ಅಂದ. “ಕಿರುಚುತ್ತಾರೆ” ಎಂದು ಬರೆದವನೂ ಅವನೇ. ಹಾಳೆಯಲ್ಲಿ ಹೆಸರಿರಲಿಲ್ಲ, ಚಹಾ ಕುಡಿಯುವಾಗ ತಾನಾಗಿ ಬಾಯಿಬಿಟ್ಟ.

“ಹಾಗಾದ್ರೆ ನಾನು ಮೆತ್ತಗೆ ಕರೀಬೇಕಿತ್ತಾ, ಭಾವ?”

“ಛೆ ಛೆ, ಕೂಗೋದು ಕೂಗು. ಸ್ವಲ್ಪ ನಗ್ತಾ ಕೂಗಬಾರ್ದಾ?”

ಮಾನ್ಯರೇ, ಒಬ್ಬನ ತಲೆಯ ಮೇಲೆ ಒಂದು ಟನ್ ಕಬ್ಬಿಣ ಇಳಿಯುವಾಗ ಯಾವ ನಗು ಒಪ್ಪುತ್ತದೆ? ಮುಗುಳುನಗೆಯೇ, ಹಲ್ಲು ಕಾಣುವಂಥದ್ದೇ? ತಾವೊಂದು ಸುತ್ತೋಲೆ ಹೊರಡಿಸಿದರೆ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುತ್ತೇನೆ.

ಇಷ್ಟು ಬರೆದು ಜಂಭದಿಂದ ಸಹಿ ಹಾಕುವವಳಿದ್ದೆ. ನಾನಾದರೋ ಎಷ್ಟು ನ್ಯಾಯವಾಗಿ ಬರೆದಿದ್ದೇನೆಂದು ತೋರಿಸಲು ನಾನು ತುಂಬಿ ಕೊಟ್ಟ ಹಾಳೆಗಳ, ನನ್ನ ಬಳಿಯಿದ್ದ ನಕಲುಗಳನ್ನು ಹೊರತೆಗೆದೆ. ಗುಂಡಿಗೆ ವಾಪಸ್ ಇಳಿದ ಭಾವನ ಬಗ್ಗೆ ಬರೆದಿದ್ದೇನೆ: “ಸಲಕರಣೆಗಳ ಬಗ್ಗೆ ವಿಶೇಷ ಕಾಳಜಿ.” ಅದರ ಕೆಳಗೆ, ಆರು ತಿಂಗಳ ಹಿಂದೆ ಸೇರಿದ, ಇಬ್ಬರು ಮಕ್ಕಳ ತಾಯಿಯಾದ ಮೆಕ್ಯಾನಿಕ್ ಒಬ್ಬಳ ಹಾಳೆ. ಮಾತಾಡುತ್ತಾ ಮೈಮರೆತು ನಾನು ಓಡುತ್ತಿದ್ದ ಉಕ್ಕಿನ ಹಗ್ಗದತ್ತ ಕೈ ಚಾಚಿದ ದಿನ, “ಅಕ್ಕಾ, ಕೈ ತೆಗೀರಿ!” ಎಂದು ಎಲ್ಲರ ಎದುರು ಗದರಿದವಳು ಅವಳು. ನಾನು ಬರೆದದ್ದು: “ಚುರುಕಿದ್ದಾರೆ. ಹಿರಿಯರೊಡನೆ ದನಿ ತಗ್ಗಿಸಿ ಮಾತಾಡುವುದನ್ನು ಕಲಿಯಬೇಕು.” ಅಂಕ, ಐದಕ್ಕೆ ಎರಡು. ಓದಿ ನಾಚಿಕೆಯಿಂದ ಕುಗ್ಗಿಹೋದೆ.

ನನ್ನ ಅಂಕದ ಮಾತು ಬಿಡಿ. ಸೋಮವಾರ ಅವಳ ನೌಕರಿ ತೀರ್ಮಾನವಾಗುವ ಮೊದಲು ಆ ಹಾಳೆಯನ್ನು ನನಗೆ ವಾಪಸ್ ಕೊಡಿ. ಒಮ್ಮೆ ಕೊಟ್ಟದ್ದನ್ನು ತಿದ್ದುವಂತಿಲ್ಲ ಎನ್ನುತ್ತಾರೆ ತಮ್ಮ ಗುಮಾಸ್ತರು. ಹಾಗಿದ್ದರೆ ಈ ಪತ್ರವನ್ನೇ ಅದಕ್ಕೆ ಪಿನ್ ಮಾಡಿ. ಅವಳು ಅಂದು ದನಿ ತಗ್ಗಿಸಿ ಮಾತಾಡಿದ್ದರೆ, ಇದನ್ನು ಬರೆಯಲು ನನಗೆ ಬಲಗೈ ಇರುತ್ತಿರಲಿಲ್ಲ.

ಇಂತಿ,
ಭಾವನಿಗಿಂತ ಒಳ್ಳೆಯವಳೇನೂ ಅಲ್ಲದ,
ತಮ್ಮ ಒಬ್ಬ ಲಿಫ್ಟ್ ಮೆಕ್ಯಾನಿಕ್